ಪದ ಬೇಕಿತ್ತು: 'ಕಾನ್ಸಲ್'ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ)

ನಮಸ್ಕಾರ. ಅಮೆರಿಕದ ಜಾನ್ ಎಲ್. ವಾಲರ್ ಬಗ್ಗೆ ಒಂದು ಲೇಖನ ಅನುವಾದ ಮಾಡ್ತಿದ್ದೇನೆ. ಸಂಜೆ ಆರಕ್ಕೆ ಪತ್ರಿಕೆಗೆ ಕೊಡಬೇಕು. 1850ರಲ್ಲಿ ಮಿಸೌರಿಯಲ್ಲಿ ಗುಲಾಮರಾಗಿ ಹುಟ್ಟಿದವರು. ಆಮೇಲೆ ಕಾನ್ಸಾಸ್‌ನಲ್ಲಿ ವಕೀಲಿಕೆ ಮಾಡಿದರು, ಪತ್ರಿಕೆ ನಡೆಸಿದರು, ರಿಪಬ್ಲಿಕನ್ ಪಕ್ಷದ ರಾಜಕೀಯ ಮಾಡಿದರು. 1891ರಲ್ಲಿ ಅಧ್ಯಕ್ಷ ಹ್ಯಾರಿಸನ್ ಅವರನ್ನು ಮಡಗಾಸ್ಕರಿನ ತಮತಾವ್ ಬಂದರಿಗೆ 'ಕಾನ್ಸಲ್' ಮಾಡಿ ಕಳಿಸಿದರು. ನಾನು ಉದ್ದಕ್ಕೂ 'ರಾಯಭಾರಿ' ಅಂತಲೇ ಬರೆದುಬಿಟ್ಟೆ. ಈಗ ಸಿಕ್ಕಿಬಿದ್ದಿದ್ದೇನೆ. ಹುದ್ದೆ ಹೋದ ಮೇಲೂ ವಾಲರ್ ಅಲ್ಲೇ ಉಳಿದರು. ಅಲ್ಲಿನ ಸರ್ಕಾರದಿಂದ ಸುಮಾರು 225 ಚದರ ಮೈಲಿ ಜಮೀನು ಪಡೆದಿದ್ದರು. 1895ರಲ್ಲಿ, ಮಡಗಾಸ್ಕರನ್ನು ವಶಪಡಿಸಿಕೊಳ್ಳುತ್ತಿದ್ದ ಫ್ರೆಂಚರು ಅವರನ್ನು ಹಿಡಿದು, ಸೈನಿಕ ನ್ಯಾಯಾಲಯದಲ್ಲಿ 20 ವರ್ಷ ಸಜೆ ಹಾಕಿದರು. ಸಂಪಾದಕರ ಪ್ರಶ್ನೆ: "ರಾಯಭಾರಿಯನ್ನು ಹಾಗೆ ಹಿಡಿಯೋಕಾಗುತ್ತಾ ಮೇಡಂ?"

ಮೈಸೂರಿನಿಂದ:
ರಾಯಭಾರಿ ತಪ್ಪು. ರಾಯನ ಭಾರ ಹೊತ್ತವನು ರಾಯಭಾರಿ. ದೊರೆಯ ಮಾತನ್ನು ಇನ್ನೊಬ್ಬ ದೊರೆಗೆ ಮುಟ್ಟಿಸುವವನು. ಕೃಷ್ಣ ಹಸ್ತಿನಾವತಿಗೆ ಹೋಗಿದ್ದು ರಾಯಭಾರ. ಬಂದರಿನಲ್ಲಿ ಕೂತು ಸರಕಿನ ಕಾಗದಕ್ಕೆ ಮೊಹರು ಹಾಕುವುದು ರಾಯಭಾರ ಹೇಗಾದೀತು? 'ವಾಣಿಜ್ಯ ದೂತ' ಹಾಕಿ.

ಶಿವಮೊಗ್ಗದಿಂದ:
> ರಾಯನ ಭಾರ ಹೊತ್ತವನು
ಆ ಮಹಾಪ್ರಾಣವನ್ನು ಯಾರು ಉಲಿಯುತ್ತಾರೆ? ರಾಯಬಾರಿ. ಇನ್ನು 'ವಾಣಿಜ್ಯ ದೂತ'ದಲ್ಲಿ ಕನ್ನಡ ಎಲ್ಲಿದೆ? ಎರಡೂ ಸಂಸ್ಕೃತ. 'ಬಂದರಾಳು' ಎನ್ನಿ. ಮುಗಿಯಿತು.

ಮೈಸೂರಿನಿಂದ:
'ಬಂದರು' ಪಾರ್ಸಿ ಸ್ವಾಮಿ.

ಶಿವಮೊಗ್ಗದಿಂದ:
ಹಾಗಾದರೆ 'ರೇವಾಳು'.

ಕಾರವಾರದಿಂದ:
ನಮ್ಮೂರಲ್ಲಿ ರೇವಾಳು ಅಂದರೆ ಮೂಟೆ ಹೊರೋನು ಅಂದುಕೊಳ್ಳುತ್ತಾರೆ. ಟಿಪ್ಪುವಿನ ಕಾಲದಲ್ಲಿ ಬೇರೆ ದರ್ಬಾರಿಗೆ ಹೋಗುತ್ತಿದ್ದವನಿಗೆ 'ವಕೀಲ' ಎನ್ನುತ್ತಿದ್ದರು. ವಾಲರ್ ಹೇಗೂ ವಕೀಲರೇ ಅಲ್ವಾ! (ತಮಾಷೆಗೆ ಹೇಳಿದೆ, ಬಯ್ಯಬೇಡಿ.) ಸುಮ್ನೆ 'ಕಾನ್ಸಲ್' ಅಂತಲೇ ಬಿಡಿ. ಕಲೆಕ್ಟರು, ಜಡ್ಜು, ಅಮಲ್ದಾರ ಎಲ್ಲ ಬಂದು ಕೂತಿಲ್ಲವೇ?

ಶಿವಮೊಗ್ಗದಿಂದ:
ಹೀಗೆ ಬಿಟ್ಟು ಬಿಟ್ಟೇ ಈ ಗತಿ. ಕಾನ್ಸಲ್ ರೋಮಿನವರ ಪದ. ಅಲ್ಲಿ ವರ್ಷಕ್ಕೆ ಇಬ್ಬರನ್ನು ಆರಿಸಿ ರಾಜ್ಯವನ್ನೇ ಒಪ್ಪಿಸುತ್ತಿದ್ದರು. ನಿಮ್ಮ ಮೊಹರಿನವನಿಗೂ ಅದಕ್ಕೂ ಏನು ನಂಟು?

ಕಾರವಾರದಿಂದ:
ನಂಟು ಇಲ್ಲದಿದ್ದರೂ ಪದ ನಡೆಯುತ್ತೆ. ವಕೀಲನ ಕಥೆಯೂ ಅದೇ ತಾನೇ? ಮೇಡಂ, ಒಂದು ಮಾತು. ಹಿಡಿದಾಗ ವಾಲರ್ ಮಾಜಿ. 'ಮಾಜಿ ಕಾನ್ಸಲ್' ಎಂದು ಬರೆದರೆ ನಿಮ್ಮ ಸಂಪಾದಕರ ಪ್ರಶ್ನೆಯೇ ಏಳುವುದಿಲ್ಲ. ರಾಯಭಾರಿಗೆ ಇರುವ ರಕ್ಷಣೆ ಹುದ್ದೆಯಲ್ಲಿರುವ ಕಾನ್ಸಲ್‌ಗೂ ಪೂರ್ತಿ ಇರಲಿಲ್ಲ.

ಪ್ರಶ್ನೆ ಕೇಳಿದವಳಿಂದ:
'ಕಾನ್ಸಲ್' ಎಂದೇ ಕಳಿಸಿದೆ. ಮೊದಲ ಸಲ ಬಂದಲ್ಲಿ "ಪರದೇಶದ ಬಂದರಿನಲ್ಲಿ ತನ್ನ ನಾಡಿನ ವ್ಯಾಪಾರಿ, ನಾವಿಕರ ಕೆಲಸ ನೋಡುವ ಅಧಿಕಾರಿ" ಎಂದು ಸೇರಿಸಿದೆ. 1896ರಲ್ಲಿ ಅಮೆರಿಕದ ಒತ್ತಡಕ್ಕೆ ಫ್ರಾನ್ಸ್ ಅವರನ್ನು ಬಿಟ್ಟಿತು. ಎಲ್ಲರಿಗೂ ಥ್ಯಾಂಕ್ಸ್.

ಶಿವಮೊಗ್ಗದಿಂದ:
'ಥ್ಯಾಂಕ್ಸ್' ಅಂತೆ.