ಸಹಾಯ ಬೇಕು: ಮನೆ ಕೆಳಗೆ ನೆಲ ಕುಸೀತಿದೆ, ಇನ್ಶೂರೆನ್ಸ್ ಕ್ಲೇಮ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ಲಾರಿಡಾದ ಪಾಸ್ಕೋ ಕೌಂಟಿಯಲ್ಲಿ, ಟ್ಯಾಂಪಾದಿಂದ ಉತ್ತರಕ್ಕೆ. ಇಲ್ಲಿ ನೆಲದಡಿ ಸುಣ್ಣಕಲ್ಲು, ನೀರಿಗೆ ಕರಗಿ ಪೊಳ್ಳಾಗುತ್ತೆ ಅಂತ ಮನೆ ಕೊಳ್ಳುವಾಗಲೇ ಕೇಳಿದ್ವಿ. ತಲೆಗೆ ಹಾಕ್ಕೊಂಡಿರಲಿಲ್ಲ.

ಎರಡು ತಿಂಗಳ ಹಿಂದೆ ದೇವರ ಮನೆ ಬಾಗಿಲು ಚೌಕಟ್ಟಿಗೆ ತಾಗೋಕೆ ಶುರುವಾಯ್ತು. ಆಮೇಲೆ ಹೊರಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು. ಈಗ ಅದರೊಳಗೆ ಒಂದು ರೂಪಾಯಿ ನಾಣ್ಯ ಸಲೀಸಾಗಿ ನಿಲ್ಲುತ್ತೆ.

ಪಾಲಿಸಿಯಲ್ಲಿರೋ ಕಡ್ಡಾಯ ಕವರ್ ಸಿಗಬೇಕಾದ್ರೆ ನೆಲ ಏಕಾಏಕಿ ಕುಸಿದು ಗುಂಡಿ ಕಣ್ಣಿಗೆ ಕಾಣಬೇಕು, ಅಡಿಪಾಯ ಸೇರಿ ಕಟ್ಟಡಕ್ಕೆ ಹಾನಿಯಾಗಬೇಕು, ಸರ್ಕಾರದವರು ಮನೆ ಖಾಲಿ ಮಾಡಿಸಬೇಕು. ಅಂದ್ರೆ ಬೀದಿಗೆ ಬಂದ ಮೇಲೆ ದುಡ್ಡು! ಪುಣ್ಯಕ್ಕೆ ನಮ್ಮೋರು ಹಟ ಹಿಡಿದು ಸಿಂಕ್‌ಹೋಲ್ (ಅಡಿಯ ಸುಣ್ಣಕಲ್ಲು ಕರಗಿ ನೆಲ ಕುಸಿಯೋದು) ಕವರ್ ಬೇರೆ ಮಾಡಿಸಿದ್ರು. ಡಿಡಕ್ಟಿಬಲ್, ಅಂದ್ರೆ ನಷ್ಟದಲ್ಲಿ ನಾವೇ ಭರಿಸಬೇಕಾದ ಪಾಲು ಮಾತ್ರ ಮನೆ ವಿಮಾ ಮೊತ್ತದ 10%.

ಕಂಪನಿ ಕಳಿಸಿದ ಎಂಜಿನಿಯರ್ ನೆಲ ಕೊರೆದು ನೋಡಿ, ಇದು ಜೇಡಿಮಣ್ಣು ಕುಗ್ಗಿದ್ದು, ಸಿಂಕ್‌ಹೋಲ್ ಅಲ್ಲ ಅಂತ ವರದಿ ಕೊಟ್ಟಿದ್ದಾರೆ. ಕ್ಲೇಮ್ ತಿರಸ್ಕಾರ. ನನಗಂತೂ ನಂಬಿಕೆ ಬರ್ತಿಲ್ಲ.

ರಾಜ್ಯದ ಹಣಕಾಸು ಸೇವೆಗಳ ಇಲಾಖೆ ಮೂಲಕ ನ್ಯೂಟ್ರಲ್ ಇವ್ಯಾಲ್ಯುಯೇಷನ್ (ಯಾರ ಕಡೆಗೂ ಸೇರದ ತಜ್ಞರಿಂದ ಪರಿಶೀಲನೆ) ಕೇಳಬಹುದಂತೆ, ಖರ್ಚು ಕಂಪನಿಯದ್ದೇ, ಆದ್ರೆ ತೀರ್ಪಿಗೆ ಯಾರೂ ಬದ್ಧರಲ್ಲ. ಯಾರಾದ್ರೂ ಮಾಡಿಸಿದ್ದೀರಾ? ಅದಕ್ಕೆ ಮೊದಲೇ ನಮ್ಮ ಕಡೆಯಿಂದ ಒಬ್ಬ ಭೂವಿಜ್ಞಾನಿಯಿಂದ ವರದಿ ಮಾಡಿಸ್ಬೇಕಾ? ವಕೀಲರನ್ನ ಈಗಲೇ ಹಿಡಿಯೋದಾ, ಆಮೇಲಾ? ಬಿರುಕು ಮುಚ್ಚಿಸಿದ್ರೆ ಸಾಕ್ಷಿ ಹೋಗುತ್ತೆ ಅಂತ ಹಾಗೇ ಬಿಟ್ಟಿದ್ದೀನಿ, ದಿನಾ ಸ್ಕೇಲ್ ಇಟ್ಟು ಫೋಟೋ ತೆಗೀತಿದ್ದೀನಿ. ಅನುಭವ ಇದ್ದೋರು ದಯವಿಟ್ಟು ಹೇಳಿ, ಇನ್‌ಬಾಕ್ಸ್ ಆದ್ರೂ ಪರವಾಗಿಲ್ಲ.