ಅಮ್ಮನಿಗೆ ನೆಲದಿಂದ ಏಳಲು ಆಗುತ್ತಿಲ್ಲ, ಗ್ಲೂಕೋಸ್ ಹಾಕಿಸೋಣವಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 56 ವರ್ಷ. ಕೆಳಗೆ ಕೂತು ಸೊಪ್ಪು ಬಿಡಿಸಿದರೆ ಗೋಡೆ ಹಿಡಿಯದೆ ಏಳಲು ಆಗುವುದಿಲ್ಲ. ಬಸ್ ಹತ್ತುವುದೂ ಕಷ್ಟ. ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಆಯಿತು, ಪ್ರಯೋಜನ ಇಲ್ಲ. ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದಾ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಸುಸ್ತು ಬೇರೆ, ಸ್ನಾಯುವಿನ ಬಲ ಕುಗ್ಗುವುದು ಬೇರೆ. ನೀವು ಹೇಳಿದ್ದು ಎರಡನೆಯದು. ಸೊಂಟ, ತೊಡೆಯ ದೊಡ್ಡ ಸ್ನಾಯುಗಳು ಸೋತಿವೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದ್ದರೆ ರಕ್ತದಲ್ಲಿ ಏರುವ ಅಂಶ), ವಿಟಮಿನ್ ಡಿ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮಾಡಿಸಿ. ಸ್ಟಿರಾಯ್ಡ್ ಅಥವಾ ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಾರಾ?

ಪ್ರಶ್ನೆ ಕೇಳಿದವರು: ಹೌದು, ಅಟೋರ್ವಾಸ್ಟಾಟಿನ್ ಶುರುವಾಗಿ ಕೆಲವು ತಿಂಗಳಾಯಿತು. ರಿಪೋರ್ಟ್ ಬಂತು. ಟಿಎಸ್‌ಎಚ್ 42, ಸಿಪಿಕೆ 860, ಉಳಿದದ್ದು ನಾರ್ಮಲ್. ಎಲ್ಲ ಆ ಮಾತ್ರೆಯ ಕಿತಾಪತಿ ಅಲ್ವಾ?

ಉತ್ತರ: ಅದೊಂದನ್ನೇ ದೂರಬೇಡಿ. ಎರಡೂ ಜಾಸ್ತಿಯೇ ಇವೆ. ಟಿಎಸ್‌ಎಚ್ ಇಷ್ಟು ಏರಿದೆ ಎಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆ ಇದೆ ಎಂದರ್ಥ. ಥೈರಾಯ್ಡ್ ತೀರಾ ಕಡಿಮೆಯಾದರೆ ಕೊಲೆಸ್ಟರಾಲ್ ತಾನಾಗಿಯೇ ಏರುತ್ತದೆ. ಅದನ್ನು ನೋಡಿ ಸ್ಟಾಟಿನ್ (ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ) ಬರೆಯುತ್ತಾರೆ. ಆದರೆ ಥೈರಾಯ್ಡ್ ಕೊರತೆಯೇ ಸ್ನಾಯುವನ್ನು ಬಡವಾಗಿಸಿರುತ್ತದೆ, ಮೇಲೆ ಸ್ಟಾಟಿನ್ ಬಿದ್ದರೆ ತೊಂದರೆ ಜಾಸ್ತಿ. ಮೊದಲೇ ಒಂದು ಟಿಎಸ್‌ಎಚ್ ನೋಡಿದ್ದರೆ ಚೆನ್ನಾಗಿತ್ತು.

ಮಾತ್ರೆ ಬರೆದವರಿಗೆ ಈ ರಿಪೋರ್ಟ್ ನಾಳೆಯೇ ತೋರಿಸಿ. ಸಾಮಾನ್ಯವಾಗಿ ಸ್ಟಾಟಿನ್ ಸ್ವಲ್ಪ ಕಾಲ ನಿಲ್ಲಿಸಿ, ಥೈರಾಯ್ಡ್ ಸರಿಮಾಡಿ, ಕೊಲೆಸ್ಟರಾಲ್ ಮತ್ತೆ ನೋಡುತ್ತಾರೆ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಇರುವವರು ತಾವಾಗಿ ನಿಲ್ಲಿಸಲೇಬಾರದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಥೈರಾಯ್ಡ್ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ನೀರಿನಲ್ಲಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು (ಅಮ್ಮಂದಿರಿಗೆ ಇದೇ ದೊಡ್ಡ ಶಿಕ್ಷೆ). ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಇರಲಿ. 6–8 ವಾರಕ್ಕೆ ಮತ್ತೆ ಟಿಎಸ್‌ಎಚ್. ರಿಪೋರ್ಟ್ ಮೊದಲು ಸರಿಹೋಗುತ್ತದೆ, ತೊಡೆಗೆ ಬಲ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಗಟ್ಟಿ ಕುರ್ಚಿಯಲ್ಲಿ ಕೂತು ಏಳುವ ಅಭ್ಯಾಸ ಮಾಡಿಸಿ, ಸುಸ್ತಾದಾಗ ಬಿಡಲಿ.

ಇನ್ನೊಬ್ಬ ಸದಸ್ಯರು: ಸರ್, ನನ್ನ ತಮ್ಮನಿಗೆ ಸಂಜೆಯಾದರೆ ರೆಪ್ಪೆ ಜೋತು ಬೀಳುತ್ತದೆ. ಬೆಳಗ್ಗೆ ಸರಿ ಇರುತ್ತದೆ. ಇದೂ ಥೈರಾಯ್ಡಾ?

ಉತ್ತರ: ಇದರ ದಾರಿಯೇ ಬೇರೆ. ಮಯಸ್ತೇನಿಯಾ ಗ್ರಾವಿಸ್ ಇರಬಹುದು. ಅದರಲ್ಲಿ ನರದ ಸಂದೇಶ ಸ್ನಾಯುವಿಗೆ ಸೇರುವ ಜಾಗದಲ್ಲೇ ಅಡ್ಡಿ. ಪಿರಿಡೋಸ್ಟಿಗ್ಮಿನ್‌ನಂಥ ಔಷಧಗಳಿವೆ. ನ್ಯೂರಾಲಜಿಸ್ಟ್‌ಗೆ ತೋರಿಸಿ, ಬೆಂಗಳೂರಾದರೆ ನಿಮ್ಹಾನ್ಸ್ ಇದೆ. ನುಂಗಲು, ಉಸಿರಾಡಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.