ಬಿಲ್ ಫೋರ್ಸೈತ್ ಸಿನಿಮಾ: ಅಮ್ಮನ ಜೊತೆ ಮುಂದೆ ಯಾವುದು ನೋಡಲಿ?

ಹಿನ್ನೀರಿನಂಚು, ಸಾಗರ:
ಹೋದ ವಾರ ಮಳೆ ಹಿಡಿದು ಮೂರು ದಿನ ತೋಟಕ್ಕೆ ಇಳಿಯಲು ಆಗಲಿಲ್ಲ. ಅಮ್ಮನ ಜೊತೆ ಕೂತು ಸ್ಕಾಟ್ಲೆಂಡಿನ ನಿರ್ದೇಶಕ ಬಿಲ್ ಫೋರ್ಸೈತ್ ಅವರ 'ಲೋಕಲ್ ಹೀರೊ' ನೋಡಿದೆ. 1983ರ ಸಿನಿಮಾ. ಅಮೆರಿಕದ ಎಣ್ಣೆ ಕಂಪನಿಯೊಂದು ಸ್ಕಾಟ್ಲೆಂಡಿನ ಕಡಲ ದಂಡೆಯ ಊರನ್ನು ಇಡಿಯಾಗಿ ಕೊಳ್ಳಲು ಮ್ಯಾಕ್ ಅನ್ನುವವನನ್ನು ಕಳಿಸುತ್ತದೆ. ಊರವರು ಜಗಳಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಎಲ್ಲರೂ ಮಾರಲು ತಯಾರು! ಚರ್ಚಿನಲ್ಲಿ ಗುಟ್ಟಾಗಿ ಸೇರಿ ಮಾತಾಡಿಕೊಳ್ಳುತ್ತಾರೆ.

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ನಗುತ್ತಿದ್ದ ಅಮ್ಮ ಅಲ್ಲಿಗೆ ಬಂದಾಗ ಸುಮ್ಮನಾದರು. "ಇವ್ರನ್ನ ಎಷ್ಟು ಬೇಕು ಅಂತ ಕೇಳಿದ್ರಲ್ಲ" ಅಂದರು. ಅವರ ತವರುಮನೆ ಲಿಂಗನಮಕ್ಕಿ ಮುಳುಗಡೆಯಲ್ಲಿ ಹೋಯಿತು. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರಿಗೆ ಎಂಟು ವರ್ಷ.

ಫೋರ್ಸೈತ್ ಅವರದ್ದೇ ಇನ್ನು ಯಾವುದನ್ನು ಅಮ್ಮನಿಗೆ ತೋರಿಸಲಿ? ಇಷ್ಟು ಒಳ್ಳೆಯ ನಿರ್ದೇಶಕರು ಮಾಡಿದ್ದು ಯಾಕೆ ಇಷ್ಟೇ?

ಚಿತ್ರಪ್ರಿಯ, ಹೆಗ್ಗೋಡು:
ಮಾರಾಯ್ರೆ, 'ಗ್ರೆಗರೀಸ್ ಗರ್ಲ್' ಹಾಕಿ. ಗ್ಲಾಸ್ಗೊ ಹತ್ತಿರದ ಕಂಬರ್ನಾಲ್ಡ್ ಊರಿನ ಶಾಲೆ. ಫುಟ್ಬಾಲ್ ತಂಡಕ್ಕೆ ಡೊರೊಥಿ ಅನ್ನುವ ಹುಡುಗಿ ಬರುತ್ತಾಳೆ, ಗ್ರೆಗರಿಯನ್ನು ಗೋಲಿಗೆ ನಿಲ್ಲಿಸುತ್ತಾರೆ. ಅವನಿಗೋ ಅವಳ ಮೇಲೇ ಮನಸ್ಸು. ಶಾಲೆಯ ಕಾರಿಡಾರಿನಲ್ಲಿ ಪೆಂಗ್ವಿನ್ ವೇಷದ ಮಗುವೊಂದು ಆಗಾಗ ನಡೆದು ಹೋಗುತ್ತದೆ. ಯಾಕೆ ಅಂತ ಸಿನಿಮಾ ಹೇಳುವುದೇ ಇಲ್ಲ. ನನಗೆ ಫೋರ್ಸೈತ್ ಅಂದರೆ ಅದೇ. ಯಾರನ್ನೂ ಕೆಟ್ಟವರನ್ನಾಗಿ ಮಾಡದೆ, ಪಕ್ಕದಲ್ಲಿ ನಿಂತು ನೋಡುತ್ತಾರೆ.

ಅದಕ್ಕೂ ಮೊದಲು, 1979ರಲ್ಲಿ, ಗ್ಲಾಸ್ಗೊ ಯೂತ್ ಥಿಯೇಟರಿನ ಹುಡುಗರನ್ನೇ ಇಟ್ಟುಕೊಂಡು 'ದಟ್ ಸಿಂಕಿಂಗ್ ಫೀಲಿಂಗ್' ಮಾಡಿದರು. ಕೆಲಸವಿಲ್ಲದ ಹುಡುಗರು ಸ್ಟೀಲ್ ಸಿಂಕ್ ಕದಿಯುವ ಕಥೆ. ಕೈಯಲ್ಲಿ ದುಡ್ಡೇ ಇಲ್ಲದೆ ತೆಗೆದದ್ದು.

'ಹೌಸ್‌ಕೀಪಿಂಗ್' (1987) ಮಾತ್ರ ಮೊದಲು ನೀವೊಬ್ಬರೇ ನೋಡಿ. ದೊಡ್ಡ ಕೆರೆಯ ದಂಡೆಯ ಊರು, ತಾಯಿಯನ್ನು ಕಳೆದುಕೊಂಡ ಇಬ್ಬರು ಹುಡುಗಿಯರು, ಅವರನ್ನು ನೋಡಿಕೊಳ್ಳಲು ಬರುವ ಚಿಕ್ಕಮ್ಮ. ಅಜ್ಜ ಹೋಗುತ್ತಿದ್ದ ರೈಲು ಆ ನೀರಿಗೇ ಬಿದ್ದಿರುತ್ತದೆ. ನನ್ನ ಲೆಕ್ಕದಲ್ಲಿ ಅವರ ಅತಿ ಆಳದ ಕೆಲಸ ಅದು. ಆದರೆ ನೀರೊಳಗೆ ಮನೆ ಬಿಟ್ಟು ಬಂದವರಿಗೆ ಹೇಗೆ ತಟ್ಟುತ್ತದೋ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 1994ರಲ್ಲಿ 'ಬೀಯಿಂಗ್ ಹ್ಯೂಮನ್' ಮಾಡಿದರು. ರಾಬಿನ್ ವಿಲಿಯಮ್ಸ್ ಐದು ಕಾಲದ ಐದು ಮನುಷ್ಯರಾಗಿ ಬರುತ್ತಾರೆ. ಸ್ಟುಡಿಯೊದವರಿಗೆ ಹಿಡಿಸಲಿಲ್ಲ. ಕತ್ತರಿ ಹಾಕಿಸಿ, ಮೇಲೊಂದು ನಿರೂಪಣೆ ಸೇರಿಸಿ ಬಿಟ್ಟರು. ಚಿತ್ರ ಓಡಲಿಲ್ಲ. 1999ರಲ್ಲಿ 'ಗ್ರೆಗರೀಸ್ ಟೂ ಗರ್ಲ್ಸ್' ಬಂತು, ಅಲ್ಲಿಗೆ ನಿಂತಿತು. ಮೆತ್ತಗೆ ಮಾತಾಡುವವರ ಮೇಲೆ ದೊಡ್ಡ ದುಡ್ಡಿನ ಭಾರ ಬಿದ್ದರೆ ಹೀಗಾಗುತ್ತದೆ ಅಂತ ನನ್ನ ಅನಿಸಿಕೆ. ಬೇಜಾರಾಗುತ್ತದೆ.

ಮಳೆನಾಡಿಗ, ತೀರ್ಥಹಳ್ಳಿ:
'ಲೋಕಲ್ ಹೀರೊ'ಗೆ ನಿರ್ದೇಶನದ ಬಾಫ್ಟಾ, ಅಂದರೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ, ಬಂದಿತ್ತು. ಅದರ ಊರು ಮತ್ತು ಕಡಲು ಒಂದೇ ಕಡೆಯದಲ್ಲ ಗೊತ್ತಾ? ಮನೆಗಳ ಸಾಲು ಈಶಾನ್ಯ ಕರಾವಳಿಯ ಪೆನ್ನನ್, ಮರಳಿನ ದಂಡೆ ಪಶ್ಚಿಮದ ಕಾಮಸ್ದಾರಕ್. ಮಾರ್ಕ್ ನಾಫ್ಲರ್ ಸಂಗೀತ ಎರಡನ್ನೂ ಸೇರಿಸಿ ಹೊಲಿದ ಹಾಗಿದೆ. ಕೊನೆಗೆ ಖಾಲಿ ಕೆಂಪು ಬೂತಿನಲ್ಲಿ ಫೋನ್ ಹೊಡೆದುಕೊಳ್ಳುವಾಗ ನನಗೆ ನಮ್ಮೂರಿನ ಕಾಯಿನ್ ಫೋನ್ ನೆನಪಾಗುತ್ತದೆ.

ಹಿನ್ನೀರಿನಂಚು, ಸಾಗರ:
ಹೆಗ್ಗೋಡಿನ ಅಣ್ಣಾ, ತುಂಬಾ ಉಪಕಾರ. ನಿನ್ನೆ ರಾತ್ರಿ ಅಮ್ಮ ಮರಳಿನ ದೃಶ್ಯ ಮತ್ತೆ ಹಾಕು ಅಂದರು. ದಂಡೆಯ ಗುಡಿಸಲಿನ ಮುದುಕ ಬೆನ್ ಒಂದು ಹಿಡಿ ಮರಳು ಎತ್ತಿ, ಕಾಳಿಗೊಂದು ಪೌಂಡ್ ಕೊಡ್ತೀಯಾ ಅಂತ ಕೇಳುತ್ತಾನೆ. ಮ್ಯಾಕ್ ಹೆದರಿ ಬೇಡ ಅನ್ನುತ್ತಾನೆ. ಹಿಡಿಯಲ್ಲಿ ಇದ್ದದ್ದು ಹತ್ತು ಸಾವಿರದ ಆಸುಪಾಸು ಕಾಳು ಅಷ್ಟೇ ಅನ್ನುತ್ತಾನೆ ಬೆನ್.

ಅಮ್ಮ ಆ ಕೈಯನ್ನೇ ನೋಡುತ್ತಾ ಇದ್ದರು. ಆಮೇಲೆ ಇಷ್ಟು ವರ್ಷ ಹೇಳದ್ದೊಂದು ಹೇಳಿದರು. ಹೊರಡುವಾಗ ಕಂಬ, ಬಾಗಿಲು, ಹೆಂಚು ಎಲ್ಲ ಬಿಚ್ಚಿಕೊಂಡು ಗಾಡಿಗೆ ಹೇರಿದರಂತೆ. ನೆಲಕ್ಕೆ ಹೂತಿದ್ದ ಒರಳುಕಲ್ಲು ಮಾತ್ರ ಮೇಲೆ ಬರಲಿಲ್ಲವಂತೆ. ಅಜ್ಜಿ ಅದನ್ನು ತೊಳೆದು, ಒರೆಸಿ, ಬಿಟ್ಟು ಬಂದರಂತೆ.

ಭಾನುವಾರ 'ಗ್ರೆಗರೀಸ್ ಗರ್ಲ್' ಹಾಕುತ್ತೇನೆ. ಇನ್ನೊಂದನ್ನು ಮೊದಲು ನಾನೊಬ್ಬನೇ ನೋಡುತ್ತೇನೆ.